ಠಸ್ಸೆ ಬೀಳುವ ಜಾಗ

ಮಾರ್ಚ್ 3, ಸೋಮವಾರ

ಇವತ್ತು ನನ್ನ ಕಾಲು ನೆಲದ ಮೇಲಿಲ್ಲ. ಅಂಚೆಚೀಟಿ ಸಮಿತಿಯಿಂದ ಕಾಗದ ಬಂದಿದೆ. ನೂರನಲವತ್ತು ಜನರಲ್ಲಿ ಮೂವರನ್ನು ಉಳಿಸಿಕೊಂಡಿದ್ದಾರೆ, ಆ ಮೂವರಲ್ಲಿ ನಾನೊಬ್ಬಳು. ಹಕ್ಕಿಗಳ ಸರಣಿಯ ಕೊನೆಯ ಚೀಟಿ ಇದು, ಮರಕುಟಿಗ. ಮೂವರೂ ಅದನ್ನೇ ಮಾಡಿ ಒಪ್ಪಿಸಬೇಕು, ಒಂದನ್ನು ಆರಿಸುತ್ತಾರೆ. ಕೊನೆಯ ದಿನ ಮಾರ್ಚ್ 31. ಇಪ್ಪತ್ತಾರು ವರ್ಷ ಮರ ಕೊರೆದೇ ಹೊಟ್ಟೆ ಹೊರೆದವಳಿಗೆ ಸಮಿತಿಯವರು ಹುಡುಕಿ ಹುಡುಕಿ ಮರ ಕುಟ್ಟುವ ಹಕ್ಕಿಯನ್ನೇ ಕೊಟ್ಟಿದ್ದಾರೆ.

ಈ ಕೈ ಮಾಡದ ಅಚ್ಚಿಲ್ಲ. ಬೆಂಕಿಪೊಟ್ಟಣ, ಬೀಜದ ಪೊಟ್ಟಣ, ಮಕ್ಕಳ ಅಕ್ಷರಮಾಲೆ, ಪುಸ್ತಕದ ರಕ್ಷಾಪುಟ, ಕೆಮ್ಮಿನ ಔಷಧಿಯ ಲೇಬಲ್ಲು. ಮರ, ತಾಮ್ರ, ಕಲ್ಲು, ಲಿನೋಲಿಯಂ ಎಲ್ಲದರ ಮೇಲೂ ಕೈಯಾಡಿಸಿದ್ದೇನೆ. ಎರಡು ಸಲ ಪ್ರದರ್ಶನವನ್ನೂ ಇಟ್ಟೆ. ಪ್ರದರ್ಶನಕ್ಕೆ ಬಂದವರು ಮೂವತ್ತು ಜನ, ಕೆಮ್ಮಿದವರು ಮೂರು ಲಕ್ಷ. ಆದ್ದರಿಂದ ಊರಿಗೆ ನಾನು ಕೆಮ್ಮಿನ ಲೇಬಲ್ಲಿನವಳು. ಈಗ ನೋಡಲಿ.

ಒಂದು ಸಂತೋಷಕ್ಕೆ ಇನ್ನೊಂದು ಜೊತೆ ಎಂಬಂತೆ ಮಧ್ಯಾಹ್ನ ಮೈದುನನ ಫೋನು ಬಂತು. ನೆಲಮಹಡಿಯ ಮನೆ ಸಿಕ್ಕಿದೆಯಂತೆ, ತಾಯಿಗೆಂದು ಒಂದು ಕೋಣೆ ಸಿದ್ಧವಾಗಿದೆಯಂತೆ. ಏಪ್ರಿಲ್ 6ರ ಭಾನುವಾರ ಬಂದು ಕರೆದುಕೊಂಡು ಹೋಗುತ್ತಾನೆ, ಇನ್ನು ಅಲ್ಲೇ ಇರುವುದು. ಅತ್ತೆಗೆ ಹೇಳಿದೆ. "ನೋಡೋಣ" ಎಂದರು.

ಮೂವತ್ತೈದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವರು ಅವರು. ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಎದುರಿಗಿದ್ದವರನ್ನೆಲ್ಲ ಸಾಲಿನಲ್ಲಿ ನಿಂತವರಂತೆಯೇ ನೋಡುತ್ತಾರೆ. ನಾನು ಮನಸ್ಸಿನಲ್ಲೇ ಇಟ್ಟಿರುವ ಹೆಸರು ಇಲಾಖೆ. ನನ್ನ ಗಂಡ ತೀರಿಕೊಂಡು ಐದು ವರ್ಷವಾಯಿತು. ಅಂದಿನಿಂದ ಈ ಮನೆಯಲ್ಲಿ ಇಲಾಖೆ ಮತ್ತು ಸಾರ್ವಜನಿಕಳಾದ ನಾನು, ಇಬ್ಬರೇ.

ಅವರು ಮಲಗುವ ಕೋಣೆಗೆ ಉತ್ತರದ ಕಿಟಕಿ ಇದೆ. ದಿನವಿಡೀ ಒಂದೇ ಹದದ ಬೆಳಕು. ನನ್ನ ಪ್ರೆಸ್ಸು ಮಾತ್ರ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಕೊಳೆಯುತ್ತಿದೆ. ಇನ್ನು ಐದೇ ವಾರ.

ಮಾರ್ಚ್ 4, ಮಂಗಳವಾರ

ಇಲಾಖೆ ಕಣ್ಣಿನ ಪರೀಕ್ಷೆಗೆ ಹೋದಾಗ ಕೋಣೆ ಅಳೆದೆ. ಪ್ರೆಸ್ಸಿನ ನಾಲ್ಕು ಕಾಲು ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ, ಮಂಚದ ಕೆಳಗೆ ತೂರಿಕೊಂಡು, ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮಂಚ ತೆಗೆದರೆ ಎಲ್ಲ ಸರಿಹೋಗುತ್ತದೆ. ಹೊರಗೆ ಬರುವಾಗ ತಲೆ ಹೊಡೆಸಿಕೊಂಡೆ, ಆದರೂ ಖುಷಿ.

ಮಾರ್ಚ್ 8, ಶನಿವಾರ

ಮೊದಲ ಅಚ್ಚು ಮುಗಿಯಿತು. ಚೀಟಿಯ ನಾಲ್ಕರಷ್ಟು ಗಾತ್ರದಲ್ಲಿ ಕೊರೆದು, ಆಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಕುಗ್ಗಿಸಿ ನೋಡುವುದು ಕ್ರಮ. ನಾಲ್ಕು ದಿನ ಕತ್ತೆತ್ತದೆ ಒಂದೊಂದು ಗರಿಯನ್ನೂ ಕೊರೆದಿದ್ದೆ. ದೊಡ್ಡದರಲ್ಲಿ ಹಕ್ಕಿ ಈಗ ಹಾರುತ್ತದೇನೋ ಎನ್ನುವ ಹಾಗಿತ್ತು. ಕುಗ್ಗಿಸಿದ ಮೇಲೆ ಗರಿಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಪ್ಪು ಉಂಡೆಯಾಗಿ, ಅದಕ್ಕೊಂದು ಮೂತಿ ಉಳಿಯಿತು.

ಅಡುಗೆಮನೆಯ ಮೇಜಿನ ಮೇಲಿಟ್ಟು ನೋಡುತ್ತಾ ಕೂತಿದ್ದೆ. ಇಲಾಖೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ನೀರು ಕುಡಿದು ಹೋದರು.

ಮಾರ್ಚ್ 9, ಭಾನುವಾರ

ನಿಜವಾಗಿಯೂ ಹೆಗ್ಗಣದ ಹಾಗೇ ಇದೆ. ಅದಕ್ಕೇ ಇಷ್ಟು ಸಿಟ್ಟು.

ಮಾರ್ಚ್ 12, ಬುಧವಾರ

ಎರಡನೆಯ ಅಚ್ಚು. ಗರಿಗಳನ್ನು ಬಿಟ್ಟುಕೊಟ್ಟೆ. ಮೈಗೆ ಏಳು ಗೆರೆ, ರೆಕ್ಕೆಗೆ ಐದು, ಜುಟ್ಟಿಗೆ ಅಚ್ಚಕೆಂಪು. ಕುಗ್ಗಿಸಿದರೂ ಹಕ್ಕಿ ಹಕ್ಕಿಯಾಗಿಯೇ ಉಳಿಯಿತು. ಜೆರಾಕ್ಸ್ ಅಂಗಡಿಯವನು ಕೂಡ ಕೇಳದೆಯೇ "ಮರಕುಟಿಗ" ಎಂದ. ಓಡಿಕೊಂಡು ಮನೆಗೆ ಬಂದೆ.

ಚೀಟಿಯ ಹಲ್ಲಂಚು ಇಲ್ಲದೆ ಚೀಟಿಯ ಅಂದ ಗೊತ್ತಾಗುವುದಿಲ್ಲ. ದಾರ ಪೋಣಿಸದ ಹೊಲಿಗೆ ಯಂತ್ರದಲ್ಲಿ ಹೊಲಿದರೆ ಸಾಲಾಗಿ ತೂತು ಬೀಳುತ್ತದೆ, ಆದರೆ ಯಂತ್ರ ಇಲಾಖೆಯ ಸ್ವತ್ತು. ಅರ್ಜಿ ಹಾಕಿದೆ. ಯಂತ್ರಕ್ಕೆ ಇನ್ನೊಬ್ಬರ ಕಾಲು ತಾಗಕೂಡದಂತೆ, ಅವರೇ ಕೂತು ತುಳಿದರು. ತೂತು ಎಷ್ಟು ನೇರವಾಗಿ ಬಿತ್ತೆಂದರೆ ಹರಿದ ಚೀಟಿಯನ್ನು ಅಂಗೈಯಲ್ಲಿಟ್ಟುಕೊಂಡು ಇಬ್ಬರೂ ತಿರುತಿರುಗಿಸಿ ನೋಡಿದೆವು. ಹಿಂದೆ ಅಂಟು ಸವರಿ ಒಂದು ಲಕೋಟೆಯ ಮೇಲೆ ಹಚ್ಚಿದೆ.

ಆಗ ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು ತಂದರು. ನಿವೃತ್ತಿಯ ದಿನ ಸಹೋದ್ಯೋಗಿಗಳು ಉಡುಗೊರೆಯಾಗಿ ಕೊಟ್ಟ ಹಳೆಯ ಠಸ್ಸೆ, ಕಾಗದಗಳ ಮೇಲೆ ತಾರೀಕು ಹೊಡೆಯುವಂಥದ್ದು. ತಾರೀಕಿನ ಹಲ್ಲು ಅವರ ಕೊನೆಯ ದಿನದ ಮೇಲೆಯೇ ತುಕ್ಕು ಹಿಡಿದು ನಿಂತಿದೆ. ನನ್ನ ಕಪ್ಪು ಶಾಯಿಗೆ ಅದ್ದಿದರು. ನಾನು ಬೇಡ ಎನ್ನುವುದರೊಳಗೆ ಧಡ್ ಎಂದು ಹೊಡೆದರು. ಹಕ್ಕಿಯ ತಲೆ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನಾನು ಕಿರುಚಾಡಿದೆ, ಏನೇನು ಅಂದೆನೋ ನೆನಪಿಲ್ಲ. ಅವರು ಠಸ್ಸೆ ಒರೆಸುತ್ತಾ ಕೇಳಿಸಿಕೊಂಡರು.

"ಆಯ್ತಾ?" ಎಂದರು ಕೊನೆಗೆ. "ಸ್ಟಾಂಪು ಅಂದ್ರೆ ಗೋಡೆಗೆ ಹಾಕೋ ಪಟ ಅಲ್ಲಮ್ಮ. ಅದು ಹುಟ್ಟೋದೇ ಹೊಡೆಸ್ಕೊಳ್ಳೋಕೆ."

ಊಟ ಮಾಡಲಿಲ್ಲ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಆರು ಗಂಟೆಗೇ ಅವರ ಬಾಗಿಲು ತಟ್ಟಿ ಕೇಳಿದೆ, ಠಸ್ಸೆ ಯಾವಾಗಲೂ ಅಲ್ಲಿಯೇ ಬೀಳುತ್ತದೆಯೇ ಎಂದು. ಅವರು ಎದ್ದು ಕೂತು, ಕನ್ನಡಕ ಕೂಡ ಹಾಕಿಕೊಳ್ಳದೆ, ಬರಿಗೈಯಿಂದ ಹಾಸಿಗೆಯ ಮೇಲೆ ಹೊಡೆದು ತೋರಿಸಿದರು. ಅರ್ಧ ಚೀಟಿಯ ಮೇಲೆ ಬೀಳಬೇಕು, ಅರ್ಧ ಲಕೋಟೆಯ ಮೇಲೆ. ಇಲ್ಲದಿದ್ದರೆ ಜನ ಚೀಟಿಯನ್ನು ಕಿತ್ತು ಇನ್ನೊಂದಕ್ಕೆ ಅಂಟಿಸುತ್ತಾರೆ. ಚೀಟಿ ಇರುವುದು ಲಕೋಟೆಯ ಬಲ ಮೂಲೆಯಲ್ಲಿ, ಹಾಗಾಗಿ ಪೆಟ್ಟು ಬೀಳುವುದು ಅದರ ಎಡಭಾಗಕ್ಕೆ. ದಿನಕ್ಕೆ ಎರಡು ಸಾವಿರ ಕಾಗದ ಹೊಡೆಯುವ ಕೈ ಹಕ್ಕಿ ಎಲ್ಲಿದೆ ಎಂದು ನೋಡುತ್ತಾ ಕೂರುವುದಿಲ್ಲ. ಅಲ್ಲಿ ಬಣ್ಣ ಗಾಢವಾಗಿದ್ದರೆ ತಾರೀಕು ಓದಲು ಬಾರದು, ಆಗ ಅಂಚೆಯವರು ಚಿತ್ರಗಾರನ ಏಳು ತಲೆಮಾರನ್ನೂ ಬೈಯುತ್ತಾರೆ. ಇವರೂ ಬೈದಿದ್ದಾರಂತೆ. ಒಂದು ಹಡಗಿನ ಚೀಟಿ ಬಂದಿತ್ತಂತೆ, ಎಡಕ್ಕೆಲ್ಲ ಕಡುನೀಲಿ ಸಮುದ್ರ, ಎರಡು ವರ್ಷ ಬೈದರಂತೆ.

ಇಷ್ಟು ಮಾತು ಅವರು ನನ್ನೊಡನೆ ಆಡಿ ಎಷ್ಟು ಕಾಲವಾಗಿತ್ತು? ಇರಲಿ, ಅದಲ್ಲ ವಿಷಯ. ನನಗೆ ಅಲ್ಲೇ, ಅವರ ಮಂಚದ ತುದಿಯಲ್ಲೇ ಹೊಳೆಯಿತು. ಹಕ್ಕಿಯನ್ನು ಬಲಕ್ಕೆ ಸರಿಸುವುದು. ಎಡಕ್ಕೆ ಮರದ ಕಾಂಡ. ಕಾಂಡದ ಮೇಲೆ ಶಾಯಿಯೇ ಇಲ್ಲ, ಬಿಳಿಯ ಕಾಗದ, ಹಕ್ಕಿ ಕುಟ್ಟಿದ ಮೂರು ತೂತು ಮಾತ್ರ. ಠಸ್ಸೆ ಬಂದು ಕಾಂಡದ ಮೇಲೆ ಬೀಳಲಿ. ಮರ ಇರುವುದೇ ಕುಟ್ಟಿಸಿಕೊಳ್ಳುವುದಕ್ಕೆ. ಹಕ್ಕಿಯೂ ಕುಟ್ಟುತ್ತದೆ, ಅಂಚೆಯವರೂ ಕುಟ್ಟಲಿ.

ಅವಸರಕ್ಕೆ ಅಕ್ಷರ ಸೊಟ್ಟಗೆ ಬರುತ್ತಿದೆ. ಕಾಫಿ ಯಾರು ಮಾಡಿದರೋ, ಕುಡಿದೆ.

ಮಾರ್ಚ್ 17, ಸೋಮವಾರ

ನಾಲ್ಕು ದಿನದಲ್ಲಿ ಮೂರು ಅಚ್ಚು ಕೊರೆದೆ. ಬಿಡುವ ಕೆಲಸ ಕೊರೆಯುವ ಕೆಲಸಕ್ಕಿಂತ ಕಷ್ಟ. ಕಾಂಡದ ಅಂಚಿಗೆ ಒಂದು ಗೆರೆ ಹೆಚ್ಚಾದರೆ ಕಂಬವಾಗುತ್ತದೆ, ಒಂದು ಕಡಿಮೆಯಾದರೆ ಹಕ್ಕಿ ಗಾಳಿಯಲ್ಲಿ ತೇಲುತ್ತದೆ.

ನಾನು ಕೊರೆಯುತ್ತೇನೆ, ಶಾಯಿ ಉರುಳಿಸುತ್ತೇನೆ, ಕುಗ್ಗಿಸಿ ತರುತ್ತೇನೆ. ಅವರು ತೂತು ಹಾಕುತ್ತಾರೆ, ಅಂಟಿಸುತ್ತಾರೆ, ಹೊಡೆಯುತ್ತಾರೆ. ಇವತ್ತು ನಲವತ್ತೆರಡು ಸಲ ಹೊಡೆದರು. ನಾನೂ ನಾಲ್ಕು ಹೊಡೆದೆ, ನಾಲ್ಕೂ ಅಂಚಿಗೆ ಬಿದ್ದವು. ಮೊಣಕೈ ಎತ್ತಬಾರದಂತೆ, ಮಣಿಕಟ್ಟಿನಿಂದ ಬರಬೇಕಂತೆ. ಎಪ್ಪತ್ತೊಂದು ವರ್ಷದ ಆ ಮಣಿಕಟ್ಟನ್ನು ನೋಡಿದರೆ ನನ್ನ ಉಳಿ ಹಿಡಿಯುವ ಕೈಗೆ ಹೊಟ್ಟೆಕಿಚ್ಚಾಗುತ್ತದೆ.

ಹನ್ನೊಂದರ ಹೊತ್ತಿಗೆ ಕೆಳಗಿನ ದಂತವೈದ್ಯರು ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಬಾಯಿ ತೆರೆದು ಕೂತ ರೋಗಿ, ಮೇಲಿನ ಧಡ್ ಧಡ್ ಕೇಳಿ ಅದೂ ಚಿಕಿತ್ಸೆಯ ಭಾಗವೇ ಎಂದುಕೊಂಡು ಎದ್ದು ಹೋದನಂತೆ. ಅತ್ತೆ ಅವರಿಗೆ ಕುರ್ಚಿ ಹಾಕಿ, ಸರ್ಕಾರಿ ಕೆಲಸ ನಡೆಯುತ್ತಿದೆ, ಮಧ್ಯಾಹ್ನ ಒಂದರಿಂದ ಎರಡು ಬಿಡುವು ಎಂದು ಗಂಭೀರವಾಗಿ ತಿಳಿಸಿದರು. ವೈದ್ಯರು ತಲೆಯಾಡಿಸಿ ಹೋದರು. ಅವರ ಹೆಜ್ಜೆಯ ಸದ್ದು ಅಡಗುವವರೆಗೂ ತಡೆದುಕೊಂಡು ಆಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಮಾರ್ಚ್ 20, ಗುರುವಾರ

ಐದನೆಯ ಅಚ್ಚೇ ಸರಿ. ಇನ್ನು ಕೆಂಪಿನ ಹದ ಒಂದು ಬಾಕಿ.

ಅತ್ತೆ ಚೀಟಿಯನ್ನು ನೀರಲ್ಲಿ ನೆನೆಸಿದರು, ಹೆಬ್ಬೆರಳಲ್ಲಿ ತಿಕ್ಕಿದರು, ಕಾಗದದ ಕಟ್ಟಿನ ನಡುವೆ ಇಟ್ಟು ಚೀಲದಲ್ಲಿ ಕುಲುಕಿದರು. ಎಲ್ಲ ಆಯಿತು, ಆದರೆ ಖಾಲಿ ಲಕೋಟೆಯ ಮೇಲೆ ಹೊಡೆದದ್ದು ಲೆಕ್ಕಕ್ಕಿಲ್ಲವಂತೆ. ಒಳಗೆ ನಿಜವಾದ ಕಾಗದ ಇದ್ದಾಗ ಠಸ್ಸೆ ಬೇರೆಯೇ ಬೀಳುತ್ತದೆ, ಒಂದು ನಿಜವಾದ ಕಾಗದ ಬರೆದು ನೋಡಬೇಕು ಎನ್ನುತ್ತಿದ್ದರು. ಹಿಡಿದ ಮೊಲಕ್ಕೆ ಮೂರೇ ಕಾಲು.

ಅಟ್ಟದಿಂದ ಅವರ ಕಬ್ಬಿಣದ ಪೆಟ್ಟಿಗೆ ಇಳಿದಿದೆ. ಕೋಣೆಯ ಬಾಗಿಲ ಬಳಿಯೇ ಇಟ್ಟಿದ್ದಾರೆ, ಎರಡು ಸಲ ಕಾಲಿಗೆ ತಾಗಿತು. ಇಷ್ಟು ಮುಂಚೆ ಇಳಿಸುವ ಅವಸರ ಏನಿತ್ತೋ. ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಬಿದ್ದ ಪೆನ್ಸಿಲ್ಲು ಹುಡುಕುತ್ತಾ ಮಂಚದ ಕೆಳಗೆ ಇಣುಕಿದೆ. ಸೀಮೆಸುಣ್ಣದ ಗುರುತು ಹಾಗೇ ಇದೆ, ಚೂರೂ ಮಾಸಿಲ್ಲ. ದಿನಕ್ಕೆರಡು ಸಲ ಗುಡಿಸುತ್ತಾರೆ. ಪೊರಕೆ ಅಲ್ಲಿಯವರೆಗೆ ಹೋಗುವುದಿಲ್ಲ ಅಂತ ಕಾಣುತ್ತದೆ.

ಮಾರ್ಚ್ 22, ಶನಿವಾರ

ಕೆಂಪು ಸಿಕ್ಕಿತು. ಕೆಂಪಿಗೆ ಒಂದು ಸಾಸಿವೆ ಕಾಳಿನಷ್ಟು ಕಪ್ಪು, ಅಷ್ಟೇ. ಜುಟ್ಟು ಕಿಡಿಯಂತೆ ಹೊತ್ತಿಕೊಂಡಿತು. ಬೆಳಿಗ್ಗೆಯಿಂದ ಹಾಡಿಕೊಂಡೇ ಓಡಾಡುತ್ತಿದ್ದೇನೆ. ಶಾಯಿ ಮುಗಿದಿತ್ತು, ತರಲು ಹೋದೆ, ಹೋಗುವಾಗ ಮೇಜಿನ ಮೂಲೆಯಲ್ಲಿದ್ದ ನಾಲ್ಕು ಕಾಗದಗಳನ್ನು ಪೋಸ್ಟ್ ಡಬ್ಬಕ್ಕೆ ಹಾಕಿದೆ. ಮೂರು ನನ್ನ ಗಿರಾಕಿಗಳಿಗೆ, ಒಂದು ಅತ್ತೆಯದು. ಅವರು ಹಾಕಬೇಕಾದ ಕಾಗದ ಅಲ್ಲೇ ಇಡುತ್ತಾರೆ, ನಾನು ಯಾವಾಗಲೂ ಹೀಗೇ ಒಯ್ಯುತ್ತೇನೆ.

ಅದೇ ದಿನ, ಸಂಜೆ

ಬರೆಯದೆ ಇರಲಾರೆ.

ಮೂರೂವರೆಗೆ ಅತ್ತೆ ಮೇಜಿನ ಮೇಲೆ ಏನೋ ಹುಡುಕುತ್ತಿದ್ದರು. ಲಕೋಟೆ ಎಲ್ಲಿ ಎಂದರು. ಪೋಸ್ಟ್ ಮಾಡಿದೆ ಎಂದೆ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಅಂಟು ಒಣಗ್ಲಿ ಅಂತ ಇಟ್ಟಿದ್ದೆ. ಅದ್ರ ಮೇಲಿದ್ದದ್ದು ನಿನ್ನ ಹಕ್ಕಿ."

ಹೊಡೆದು ನೋಡಲು ಬೇಕು ಎಂದಿದ್ದ ಆ ನಿಜವಾದ ಕಾಗದ ಅದೇ. ನಾನು ಅದನ್ನು ಕೈಯಲ್ಲಿ ಹಿಡಿದು, ಚೀಟಿ ಹಚ್ಚಿದೆಯೇ ಎಂದಷ್ಟೇ ಕಣ್ಣಾಡಿಸಿ, ಡಬ್ಬದೊಳಗೆ ತಳ್ಳಿದ್ದೇನೆ. ಮೂರು ವಾರ ಹಗಲೂ ಕನಸಿನಲ್ಲೂ ನೋಡಿದ ನನ್ನದೇ ಹಕ್ಕಿ ನನಗೆ ಕಾಣಿಸಲಿಲ್ಲ. ಕಂಡದ್ದು ಚೀಟಿ ಹಚ್ಚಿದ ಒಂದು ಲಕೋಟೆ, ಅಷ್ಟೇ.

ಸಮಿತಿಯ ನಿಯಮ ನನಗೆ ಬಾಯಿಪಾಠ. ತೀರ್ಪಿಗೆ ಮುಂಚೆ ಚಿತ್ರ ಹೊರಗೆ ಕಾಣಿಸಿಕೊಂಡರೆ ಅನರ್ಹ. ಅದಕ್ಕಿಂತ ದೊಡ್ಡದು, ಮನೆಯಲ್ಲಿ ಮಾಡಿದ ಚೀಟಿ ಹಚ್ಚಿ ಕಾಗದ ಕಳಿಸುವುದಕ್ಕೆ ಖೋಟಾ ಎಂದು ಹೆಸರು. ಇಬ್ಬರೂ ಓಡಿದೆವು. ಮಂಡಿನೋವಿನ ಅತ್ತೆ ನನಗಿಂತ ಮುಂದಿದ್ದರು.

ಮೂಲೆ ತಿರುಗುವಾಗ ಅಂಚೆಯ ವ್ಯಾನು ನಿಂತಿತ್ತು. ಡ್ರೈವರು ಡಬ್ಬದ ಬೀಗ ತೆಗೆದು ಚೀಲಕ್ಕೆ ಸುರಿದುಕೊಳ್ಳುತ್ತಿದ್ದ. ಅತ್ತೆಯನ್ನು ನೋಡಿದ್ದೇ ತಡ ಚೀಲ ಬಿಟ್ಟು ನೆಟ್ಟಗೆ ನಿಂತು, ಮೇಡಂ ಹೇಗಿದ್ದೀರಿ ಎಂದು ಕೇಳಿದ. ಚೀಲದ ಬಾಯಿ ತೆರೆದೇ ಇತ್ತು. ಎಲ್ಲಕ್ಕೂ ಮೇಲೆ, ಮುಖ ಮೇಲಾಗಿ, ನಮ್ಮ ಲಕೋಟೆ. ಕೆಂಪು ಜುಟ್ಟು ನನ್ನನ್ನೇ ನೋಡುತ್ತಿತ್ತು. ಅತ್ತೆ ಒಂದು ಮಾತು ಹೇಳಿದ್ದರೆ ಅವನೇ ಎತ್ತಿ ಕೊಡುತ್ತಿದ್ದ. ಅಷ್ಟೂ ಬೇಡ, ಕೈ ಚಾಚಿದ್ದರೆ ಸಾಕಿತ್ತು.

ನಾನು ಅವರ ತೋಳು ಹಿಡಿದು ಪಿಸುಗುಟ್ಟಿದೆ, ತೆಗೆದುಕೊಳ್ಳಿ, ತೆಗೆದುಕೊಳ್ಳಿ ಎಂದು. ಅವರು ಲಕೋಟೆಯನ್ನೇ ನೋಡುತ್ತಾ ನಿಂತಿದ್ದರು. ಆ ಮುಖದಲ್ಲಿ ಏನಿತ್ತೋ, ನನಗೆ ಓದಲು ಬರಲಿಲ್ಲ. ಡ್ರೈವರನ ಮಕ್ಕಳ ಬಗ್ಗೆ ವಿಚಾರಿಸಿದರು. ಅವನು ಉತ್ತರಿಸುತ್ತಾ ಚೀಲದ ಬಾಯಿ ಕಟ್ಟಿ ವ್ಯಾನಿಗೆ ಎಸೆದ. ಹೋಯಿತು.

"ಡಬ್ಬಕ್ಕೆ ಬಿದ್ದ ಕಾಗದ ಬರೆದವರದ್ದಲ್ಲ," ಎಂದರು ಅತ್ತೆ. "ಮೂವತ್ತೈದು ವರ್ಷ ಅತ್ಕೊಂಡು ಬಂದೋರಿಗೆಲ್ಲ ಇದನ್ನೇ ಹೇಳಿ ವಾಪಸ್ ಕಳ್ಸಿದ್ದೀನಿ. ಇವತ್ತು ನನ್ನ ಕಾಗದ ಅಂತ ಹ್ಯಾಗೆ ಕೈ ಹಾಕ್ಲಿ?"

ದಾರಿಯಲ್ಲಿ, ಅದು ಯಾರಿಗೆ ಎಂದು ಕೇಳಿದೆ. ಕಿರಿಮಗನಿಗಂತೆ. ಏನು ಬರೆದಿದ್ದಿರಿ ಎಂದೆ. "ಕಾಗದ" ಎಂದರು.

ಮಾರ್ಚ್ 24, ಸೋಮವಾರ

ಅಂಚೆ ಕಚೇರಿ ತೆರೆಯುವ ಮುಂಚೆಯೇ ಅತ್ತೆ ನನ್ನನ್ನು ಎಳೆದುಕೊಂಡು ಹೋಗಿ ಮೊದಲನೆಯವರಾಗಿ ನಿಂತರು. ನಮ್ಮ ಹಕ್ಕಿಗೆ ಬರೆದಿದ್ದ ಬೆಲೆಯದೇ ಒಂದು ಚೀಟಿ ಕೊಂಡು, ಕೌಂಟರಿನ ಮೇಲೆಯೇ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಇಲಾಖೆಗೆ ಬರಬೇಕಾದ್ದು ಬಂತಂತೆ. ಕೌಂಟರಿನ ಹುಡುಗಿ ನನ್ನತ್ತ ನೋಡಿ, ಇವರನ್ನು ಜೋಪಾನವಾಗಿ ಮನೆಗೆ ಕರೆದುಕೊಂಡು ಹೋಗಿ ಎಂದು ಕಣ್ಣಲ್ಲೇ ಹೇಳಿದಳು.

ನಾನು ಭಯದಿಂದ ಸಾಯಬೇಕು. ಆದರೆ ನಿಜ ಹೇಳಲೇ, ಒಳಗೊಳಗೆ ಕುತೂಹಲದಿಂದ ಕುದಿಯುತ್ತಿದ್ದೇನೆ. ವಿಂಗಡಿಸುವವರು ಹಿಡಿದರೆ ಮೈದುನ ದುಪ್ಪಟ್ಟು ದಂಡ ಕೊಟ್ಟು ಬಿಡಿಸಿಕೊಳ್ಳಬೇಕು. ಅತ್ತೆ ಗಡಿಯಾರ ನೋಡಿಕೊಂಡು, ಈಗ ಇಲ್ಲಿದೆ, ಈಗ ರೈಲು ಹತ್ತಿತು, ಈಗ ಅಲ್ಲಿ ಎರಡನೆಯ ಕೈ ದಾಟಿತು ಎಂದು ಹೇಳುತ್ತಿದ್ದಾರೆ. ಓಟದ ಕುದುರೆಯ ಮೇಲೆ ಪಣ ಕಟ್ಟಿದವರ ಹಾಗೆ ಇಬ್ಬರೂ ಕೂತಿದ್ದೇವೆ.

ಮಾರ್ಚ್ 28, ಶುಕ್ರವಾರ

ಮೈದುನನ ಫೋನು. ಅತ್ತೆಯೇ ತೆಗೆದುಕೊಂಡರು. ಹ್ಞೂಂ, ಹ್ಞೂಂ, ಹ್ಞೂಂ ಎಂದು ಇಟ್ಟುಬಿಟ್ಟರು. ಕಾಗದ ಮುಟ್ಟಿದೆ. ದಂಡ ಇಲ್ಲ. ಯಾರಿಗೂ ಗೊತ್ತಾಗಿಲ್ಲ.

ನಾನು ಕುಣಿದೆ, ನಲವತ್ತೇಳು ವರ್ಷದವಳು ಓಣಿಯಲ್ಲಿ ಪ್ರೆಸ್ಸಿನ ಸುತ್ತ ಕುಣಿದೆ. ನಮ್ಮ ಚೀಟಿ ನಾಲ್ಕು ಜೊತೆ ಕಣ್ಣು ದಾಟಿ ಹೋಗಿದೆ. ಅತ್ತೆಯೂ ನಕ್ಕರು, ತಾನು ಕೌಂಟರಿನಲ್ಲಿದ್ದರೂ ಹಿಡಿಯುತ್ತಿರಲಿಲ್ಲ ಎಂದರು. ಈ ಮನೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿಲ್ಲ.

ಮೈದುನ ಮತ್ತೇನು ಹೇಳಿದ ಎಂದು ಕೇಳಿದೆ. ಆರನೇ ತಾರೀಕು ಬರುತ್ತಾನಂತೆ. ಹಾಗಾದರೆ ಸರಿ. ಸರಿಯೇ. ಇವತ್ತು ಏನನ್ನೂ ತಿನ್ನಲು ಆಗಲಿಲ್ಲ, ಕುಣಿದು ಸುಸ್ತಾಗಿರಬೇಕು.

ಮಾರ್ಚ್ 31, ಸೋಮವಾರ

ಒಪ್ಪಿಸಿ ಬಂದೆ. ಚಿತ್ರದ ಜೊತೆ ಒಂದು ಪುಟದ ತಪ್ಪೊಪ್ಪಿಗೆ. ಯಾರಿಗೂ ಗೊತ್ತಾಗಿಲ್ಲ, ಯಾಕೆ ಹೇಳಬೇಕು ಎಂದು ಎರಡು ದಿನ ವಾದಿಸಿದೆ, ಅತ್ತೆ ವಾದಕ್ಕೇ ಬರಲಿಲ್ಲ. ಕಾಗದ, ಪೆನ್ನು ತಂದು ಮುಂದಿಟ್ಟು "ಬರಿ" ಎಂದರು. ಬರೆದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದರೆ ಹೋಗಲಿ.

ಮನೆಗೆ ಬಂದರೆ ಠಸ್ಸೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದರು. ಅದನ್ನು ಇಲ್ಲೇ ಬಿಟ್ಟು ಹೋಗಿ ಎಂದೆ. ಯಾಕೆ ಎಂದರು. ಬೇಕಾಗುತ್ತದೆ ಎಂದೆ. ನಿನಗೆ ಹೊಡೆಯಲು ಬರುವುದಿಲ್ಲವಲ್ಲ ಎಂದರು.

ಏಪ್ರಿಲ್ 3, ಗುರುವಾರ

ಮನೆಯಲ್ಲಿ ಸದ್ದೇ ಇಲ್ಲ. ದಂತವೈದ್ಯರು ಮೆಟ್ಟಿಲಲ್ಲಿ ಸಿಕ್ಕಿ, ಸರ್ಕಾರಿ ಕೆಲಸ ಮುಗಿಯಿತೇ ಎಂದು ಕೇಳಿದರು. ನನಗೆ ಯಾಕೋ ಅವರ ಮೇಲೆ ರೇಗಿತು.

ಏಪ್ರಿಲ್ 6, ಭಾನುವಾರ

ಮೈದುನ ಹತ್ತು ಗಂಟೆಗೆ ಬಂದ. ಅತ್ತೆ ಹೊಸದಾಗಿ ಒಗೆದ ಬಟ್ಟೆ ಉಟ್ಟು, ಪೆಟ್ಟಿಗೆಗೆ ಬೀಗ ಹಾಕಿ, ಅದರ ಮೇಲೆಯೇ ಕೂತಿದ್ದರು. ಅವನು ತಾಯಿಯ ಬಳಿ ಹೋಗದೆ ನನ್ನ ಹಿಂದೆ ಅಡುಗೆಮನೆಗೆ ಬಂದು, ಕಾಫಿ ಕುಡಿಯುತ್ತಾ ನನ್ನ ಮುಖವನ್ನೇ ನೋಡತೊಡಗಿದ. ಏನಪ್ಪಾ ಎಂದೆ.

"ನಿಮ್ಮ ಮುಖ ನೋಡಿ ನಿರ್ಧಾರ ಮಾಡು ಅಂತ ಅಮ್ಮ ಬರೆದಿದ್ದಾರೆ ಅತ್ತಿಗೆ. ನನಗೆ ಮುಖ ಓದೋಕೆ ಬರಲ್ಲ. ನೀವೇ ಇದನ್ನ ಓದ್ಕೊಳ್ಳಿ."

ಜೇಬಿನಿಂದ ಆ ಲಕೋಟೆಯನ್ನು ತೆಗೆದು ಕೊಟ್ಟ. ನನ್ನ ಬುದ್ಧಿ ನೋಡಿ, ಮೊದಲು ಕಂಡದ್ದು ಚೀಟಿಯೇ. ಠಸ್ಸೆ ಕಾಂಡದ ಮೇಲೆ ಸರಿಯಾಗಿ ಬಿದ್ದಿತ್ತು, ತಾರೀಕಿನ ಒಂದೊಂದು ಅಂಕಿಯೂ ಸ್ಪಷ್ಟವಾಗಿತ್ತು, ಹಕ್ಕಿಯ ಒಂದು ಗೆರೆಯೂ ಕೆಟ್ಟಿರಲಿಲ್ಲ. ಖುಷಿಯಿಂದ ಕೂಗುವುದರಲ್ಲಿದ್ದೆ. ಆಮೇಲೆ ಕಾಗದ ತೆಗೆದೆ. ಕೌಂಟರಿನ ಗುಂಡು ಅಕ್ಷರ. ಇಲ್ಲಿ ಪೂರ್ತಿ ಬರೆದಿಡುತ್ತೇನೆ.

"ಮಗನಿಗೆ ಆಶೀರ್ವಾದಗಳು. ನೀನು ಕರೆದದ್ದು ಸಂತೋಷ. ನನಗೆ ಬರುವ ಮನಸ್ಸಿಲ್ಲ, ಆದರೆ ಇದು ನಾನೊಬ್ಬಳೇ ತೀರ್ಮಾನಿಸುವ ಮಾತಲ್ಲ. ನಿನ್ನ ಅತ್ತಿಗೆಗೆ ಈ ಕೋಣೆ ಬೇಕು. ಮಂಚದ ಕೆಳಗೆ ಸೀಮೆಸುಣ್ಣದ ಗುರುತು ಹಾಕ್ಕೊಂಡಿದ್ದಾಳೆ. ಬೇಕಾದ್ದೇ, ಇಲ್ಲಿ ಬೆಳಕು ಚೆನ್ನಾಗಿದೆ. ಅಳಿಸಿಹೋಗದ ಹಾಗೆ ಸುತ್ತ ಗುಡಿಸುತ್ತಿದ್ದೇನೆ. ನಾನು ಕೇಳಿದರೆ ಇರಿ ಎನ್ನುತ್ತಾಳೆ, ಹಾಗೆ ಅನ್ನಿಸಿಕೊಂಡು ಇರುವುದು ನನಗೆ ಬೇಡ. ನೀನು ಬಂದಾಗ ಅವಳ ಮುಖ ನೋಡಿ ನಿರ್ಧಾರ ಮಾಡು. ಹನ್ನೊಂದು ವರ್ಷದ ಮೇಲೆ ನನ್ನ ಕೈಗೆ ಕೆಲಸ ಸಿಕ್ಕಿದೆ. ಅವಳು ಠಸ್ಸೆ ಹೊಡೆದರೆ ಅಂಚಿಗೆ ಬೀಳುತ್ತದೆ. ಈ ಕಾಗದ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ."

ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಬಕೆಟ್ಟಿನಿಂದ ಒದ್ದೆ ಬಟ್ಟೆ ಎತ್ತಿಕೊಂಡು ಕೋಣೆಗೆ ಹೋದೆ. ಪೆಟ್ಟಿಗೆಯ ಮೇಲೆ ಕೂತವರನ್ನು ದಾಟಿ ಮಂಚದ ಕೆಳಗೆ ತೂರಿದೆ. ಮೊದಲ ಗುರುತಿಗೆ ಬಟ್ಟೆ ತಾಗಿಸುವಷ್ಟರಲ್ಲಿ ಮೇಲಿನಿಂದ ಧ್ವನಿ ಬಂತು.

"ಅಳಿಸ್ಬೇಡ. ಮಂಚ ಗೋಡೆಗೆ ಸರಿಸಿ ಪ್ರೆಸ್ಸನ್ನ ಅಡ್ಡಕ್ಕೆ ತಿರುಗ್ಸಿದ್ರೆ ಎರಡೂ ಹಿಡಿಸುತ್ತೆ. ಇನ್ನೂ ಒಂದು ಗೇಣು ಮಿಗುತ್ತೆ. ಅಳೆದಿದ್ದೀನಿ."

"ಯಾವಾಗ ಅಳೆದ್ರಿ?"

"ನೀನು ಅಳೆದ ಮಾರನೇ ದಿನ."

ಮಾರ್ಚ್ ಐದು. ಹೆಗ್ಗಣಕ್ಕೂ ಮುಂಚೆ, ಠಸ್ಸೆಗೂ ಮುಂಚೆ. ನಾನು ಐದೇ ವಾರ ಎಂದು ದಿನ ಎಣಿಸುತ್ತಿದ್ದಾಗ ಅವರು ಹೊಲಿಗೆಯ ಟೇಪು ಹಿಡಿದು ಒಬ್ಬರೇ ನೆಲಕ್ಕೆ ಮಂಡಿಯೂರಿ ನನ್ನ ಪ್ರೆಸ್ಸಿಗೆ ಜಾಗ ಹುಡುಕಿದ್ದರು. ಮಂಚದ ಕೆಳಗೆ ಅಂಗಾತ ಬಿದ್ದುಕೊಂಡೇ, "ಅತ್ತೆ, ಇರಿ" ಎಂದೆ. ನೀವು ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ ಎಂದೆ. ಮೇಲೆ ಪೆಟ್ಟಿಗೆಯ ಬೀಗ ತೆಗೆದ ಸದ್ದಾಯಿತು.

ಮೈದುನ ಪ್ರೆಸ್ಸು ತಳ್ಳಲು ಕೈ ಕೊಟ್ಟು, ಒಂದು ಬೆರಳು ಜಜ್ಜಿಸಿಕೊಂಡು, ಊಟ ಮಾಡಿ ಮಧ್ಯಾಹ್ನದ ರೈಲಿಗೆ ಒಬ್ಬನೇ ಹೋದ. ಒಂದು ಗೇಣು ಅಲ್ಲ, ಒಂದು ಗೇಣು ನಾಲ್ಕು ಬೆರಳು ಮಿಕ್ಕಿತು.

ಏಪ್ರಿಲ್ 24, ಗುರುವಾರ

ಬೆಳಿಗ್ಗೆಯಿಂದ ಜಗಳ. ಶಾಯಿ ಒರೆಸುವ ಸೀಮೆಎಣ್ಣೆಯ ವಾಸನೆಗೆ ತಲೆ ಸಿಡಿಯುತ್ತದೆ ಎಂದು ಅತ್ತೆ ಕಿಟಕಿ ತೆರೆಯುತ್ತಾರೆ, ತೆರೆದರೆ ಪ್ರೂಫಿನ ಹಾಳೆಗಳು ಹಾರಿ ಅವರ ಹಾಸಿಗೆಯ ಮೇಲೆ ಬೀಳುತ್ತವೆ, ದಿಂಬಿನ ಮೇಲೆ ಕೆಂಪು ಜುಟ್ಟು ಮೂಡುತ್ತದೆ. ಕೊನೆಗೆ ಹಗ್ಗ ಕಟ್ಟಿ ಹಾಳೆ ಒಣಗಿಸುವುದೆಂದು ತೀರ್ಮಾನವಾಯಿತು. ಹಗ್ಗದ ಒಂದು ತುದಿ ಅವರ ಮಂಚದ ಕಾಲಿಗೆ, ಇನ್ನೊಂದು ನನ್ನ ಪ್ರೆಸ್ಸಿನ ಹಿಡಿಗೆ. ಬೆಳಕು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ. ಹೊಸ ಲೇಬಲ್ಲಿನ ಕೆಲಸ ಬಂದಿದೆ, ಈ ಸಲ ಹಲ್ಲುಪುಡಿ, ದಂತವೈದ್ಯರೇ ಕೊಡಿಸಿದ್ದು. ಮಧ್ಯಾಹ್ನ ಒಂದರಿಂದ ಎರಡು ಮಾತ್ರ ಠಸ್ಸೆ ಹೊಡೆಯುವುದೆಂದು ಅವರೊಡನೆ ಒಪ್ಪಂದ.

ಅಂದಹಾಗೆ ಸಮಿತಿಯ ಕಾಗದ ಬಂತು. ಮೊದಲ ಪುಟದ ತುಂಬ ಬೈಗುಳ, ಇನ್ನೊಮ್ಮೆ ಹೀಗಾದರೆ ಕಾನೂನು ಕ್ರಮವಂತೆ. ಎರಡನೆಯ ಪುಟದಲ್ಲಿ ಎರಡೇ ಸಾಲು. ನಮ್ಮ ಮರಕುಟಿಗವನ್ನೇ ಆರಿಸಿದ್ದಾರೆ.

ಗಟ್ಟಿಯಾಗಿ ಎರಡು ಸಲ ಓದಿ ಹೇಳಿದೆ. ಅತ್ತೆ ಕೇಳಿಸಿಕೊಂಡರೋ ಇಲ್ಲವೋ, ಆ ಕಾಗದ ಬಂದ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಠಸ್ಸೆ ಅಂಚಿಗೆ ಬಿದ್ದಿದೆಯಂತೆ. ಹೊಡೆದವರು ಯಾರೋ, ನಾಳೆ ಹೋಗಿ ಹೇಳಿಕೊಟ್ಟು ಬರೋಣ ಎಂದರು.